ಬಾಜಿ ಕಟ್ಟದೆ ರೇಸ್ ನೋಡಬಹುದಾ?

ಪ್ರಶ್ನೆ: ಮೈಸೂರು ರೇಸ್ ಕೋರ್ಸ್ ನೋಡಬೇಕು ಅಂತ ಅಪ್ಪನಿಗೆ ಬಹಳ ಆಸೆ. ನಾವು ಬಾಜಿ ಕಟ್ಟುವವರಲ್ಲ. ಸುಮ್ನೆ ನೋಡೋಕೆ ಹೋದರೆ ಚೆನ್ನಾಗಿರುತ್ತಾ?

ಉತ್ತರ: ಖಂಡಿತ, ಕರ್ಕೊಂಡು ಹೋಗಿ. 1891ರಲ್ಲಿ ಶುರುವಾದ ಕ್ಲಬ್ಬು ಅದು, ಎದುರಿಗೇ ಚಾಮುಂಡಿ ಬೆಟ್ಟ. ರೇಸ್ ಇರುವ ದಿನ ವಿಚಾರಿಸಿಕೊಂಡೇ ಹೊರಡಿ. ಒಳಗೆ ಹೋದವರು ಮೊದಲು ಪ್ಯಾಡಕ್ ಹತ್ತಿರ ನಿಲ್ಲಿ, ಓಟಕ್ಕೆ ಮುಂಚೆ ಕುದುರೆಗಳನ್ನು ಅಲ್ಲೇ ಸುತ್ತು ಹಾಕಿಸುತ್ತಾರೆ, ಬೆವರಿಗೆ ಹೊಳೆಯುವ ಕತ್ತು, ಉಬ್ಬಿದ ನರ, ಸಣ್ಣ ಸದ್ದಿಗೂ ತಿರುಗುವ ಕಿವಿ ಎಲ್ಲ ಕಾಣುತ್ತೆ. ನನಗಂತೂ ಓಟಕ್ಕಿಂತ ಇದೇ ಜಾಸ್ತಿ ಇಷ್ಟ. ಆಮೇಲೆ ಗೆಲುವಿನ ಕಂಬದ ಕಡೆ ಬನ್ನಿ. ಕುದುರೆಗಳು ಹತ್ತಿರ ಬಂದಾಗ ಗೊರಸಿನ ಸದ್ದು ಎದೆಗೇ ತಾಕುತ್ತೆ. ಅಪ್ಪನಿಗೆ ಒಂದು ಟೋಪಿ ತಗೊಳ್ಳಿ, ಮಧ್ಯಾಹ್ನದ ಬಿಸಿಲು ಅಲ್ವಾ.