ಮಲ್ಲಿಗೆ ಲೆಕ್ಕದ ಹುಡುಗಿಗೆ ಇಂಟರ್‌ವ್ಯೂ

ಪ್ರಶ್ನೆ: ಸರ್, ಈ ವರ್ಷ ಬಿ.ಕಾಂ. ಮುಗಿಯಿತು. ಮುಂದಿನ ವಾರ ಮಂಗಳೂರಿನಲ್ಲಿ ಒಂದು ಖಾಸಗಿ ಬ್ಯಾಂಕಿನ ಇಂಟರ್‌ವ್ಯೂ ಇದೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಮನೆಯಲ್ಲಿ ತುಳು. ಇಂಗ್ಲಿಷ್‌ನಲ್ಲಿ ತಡವರಿಸುತ್ತೇನೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಹೇಳಲಿಕ್ಕೆ ಏನೂ ಇಲ್ಲ. ಅಮ್ಮನ ಜೊತೆ ಮಲ್ಲಿಗೆ ಕೊಯ್ದು ಕಟ್ಟುವುದು, ಅದರ ಲೆಕ್ಕ ಬರೆಯುವುದು ಬಿಟ್ಟರೆ ಅನುಭವವೇ ಇಲ್ಲ. ಯೂಟ್ಯೂಬ್ ನೋಡಿ ಉತ್ತರ ಬಾಯಿಪಾಠ ಮಾಡುತ್ತಿದ್ದೇನೆ. ಸಾಕಾ? ಇನ್ನೊಂದು, ಹೂ ಮುಡಿದು ಹೋಗಬಹುದಾ?
– ಹೆಸರು ಬೇಡ, ಶಂಕರಪುರ

ಉತ್ತರ: ಬಾಯಿಪಾಠ ಇವತ್ತೇ ನಿಲ್ಲಿಸಿ. ಬ್ಯಾಂಕಿನಲ್ಲಿದ್ದಾಗ ನಾನು ಎಷ್ಟೋ ಸಲ ಪ್ರಶ್ನೆ ಕೇಳುವವರ ಬದಿಯಲ್ಲಿ ಕೂತಿದ್ದೇನೆ. ಬೆಳಿಗ್ಗೆಯಿಂದ ಹತ್ತು ಜನ ‘ಐ ಆಮ್ ಎ ಹಾರ್ಡ್ ವರ್ಕರ್’ ಅಂತ ಒಪ್ಪಿಸಿದ ಮೇಲೆ ಹನ್ನೊಂದನೆಯವರು ಬರುವಾಗ ನಮಗೆ ಚಹಾದ್ದೇ ಯೋಚನೆ.

ಅನುಭವ ಇಲ್ಲ ಅಂತ ಬರೆದ ಸಾಲಿನಲ್ಲೇ ಅನುಭವ ಬರೆದಿದ್ದೀರಲ್ಲ ಮಾರಾಯ್ರೆ! ಮಲ್ಲಿಗೆ ರೇಟ್ ದಿನಾ ಬದಲಾಗುತ್ತದೆ. ಇವತ್ತು ಎಷ್ಟು ಚೆಂಡು (ಕಟ್ಟಿದ ಮಲ್ಲಿಗೆಯ ಅಳತೆ) ಕೊಟ್ಟಿರಿ, ಯಾವ ರೇಟಿಗೆ, ಎಷ್ಟು ಕೈಗೆ ಬಂತು, ಎಷ್ಟು ಬಾಕಿ. ಇದನ್ನು ವರ್ಷಗಟ್ಟಲೆ ಬರೆದವರಿಗೆ ಬ್ಯಾಂಕಿನವರು ಹೊಸದಾಗಿ ಏನು ಕಲಿಸಬೇಕು? ಅದನ್ನೇ ಹೇಳಿ. ಪುಸ್ತಕ ತೆಗೆದು ನೋಡಿ, ಒಂದು ನಿಜವಾದ ಘಟನೆ ಹುಡುಕಿ. ಲೆಕ್ಕ ತಪ್ಪಿದ್ದು, ನೀವು ಹಿಡಿದದ್ದು, ಯಾವುದಾದರೂ. ಕೇಳುವವರು ಘಟ್ಟದ ಮೇಲಿನವರು, ಮುಂಬೈಯವರು ಇರಬಹುದು. 4 ಚೆಂಡಿಗೆ ಒಂದು ಅಟ್ಟೆ ಅಂತ ಅವರಿಗೆ ಬಿಡಿಸಿ ಹೇಳಬೇಕು. ಗೊತ್ತಿದ್ದದ್ದನ್ನು ಹೇಳುವಾಗ ಇಂಗ್ಲಿಷ್ ಕೂಡ ಅಷ್ಟು ಸತಾಯಿಸುವುದಿಲ್ಲ. ಹೂ ಕಟ್ಟುತ್ತಾ ಎರಡು ನಿಮಿಷ ಜೋರಾಗಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ದಿನ ನಾಚಿಕೆ ಆಗುತ್ತದೆ. ಆಗಲಿ.

ಸುಳ್ಳು ಮಾತ್ರ ಸೇರಿಸಬೇಡಿ. ನನ್ನ ಮೊದಲ ಇಂಟರ್‌ವ್ಯೂಗೆ ಹವ್ಯಾಸ ‘ಯಕ್ಷಗಾನ’ ಅಂತ ಸುಮ್ನೆ ಬರೆದಿದ್ದೆ. ಎದುರಿಗೆ ಕೂತವರು ಆಟದ ಮರುಳು ಇದ್ದವರು. ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟಿಗೂ ಬಡಗುತಿಟ್ಟಿಗೂ ಏನು ವ್ಯತ್ಯಾಸ ಅಂತ ಕೇಳಿದರು. ನಾನು ಆಟಕ್ಕೆ ಹೋಗುತ್ತಿದ್ದದ್ದು ನೆಲಗಡಲೆಗೆ, ಆಮೇಲೆ ಚಾಪೆಯಲ್ಲಿ ನಿದ್ದೆ. ಬಡಗಿನವರು ತಲೆಗೆ ಕಟ್ಟುವ ಕೇದಗೆ ಮುಂದಲೆ ನೆನಪಾದದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ! ಆ ಕೆಲಸ ಸಿಗಲಿಲ್ಲ.

ಬ್ಯಾಂಕಿನ ವೆಬ್‌ಸೈಟ್ ಎಲ್ಲರೂ ನೋಡಿರುತ್ತಾರೆ, ನೀವೂ ನೋಡಿ. ಅದಕ್ಕಿಂತ ನಮ್ಮ ಊರಿನ ಬ್ಯಾಂಕುಗಳ ಕಥೆ ತಿಳಿದಿರಲಿ. ನಾನು ಉಡುಪಿ ಕಡೆಯ ಮಕ್ಕಳಿಗೆ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ಶುರು ಮಾಡಿದ್ದು ಯಾರು ಅಂತ ಕೇಳುತ್ತಿದ್ದೆ. ಅಮ್ಮ ದಿನಾ ಪಿಗ್ಮಿ ಕಟ್ಟುವ ಮನೆಯವರೂ ಬ್ಬೆಬ್ಬೆ ಅನ್ನುತ್ತಿದ್ದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್. ಅದು 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ ಹಿಂದಿನ ವರ್ಷವೇ ಬರೋಡಾ ಪಾಲಾಗಿತ್ತು. ಆ ಬೋರ್ಡುಗಳನ್ನು ಇಳಿಸಿದ್ದು ನೆನೆದರೆ ನನಗೆ ಈಗಲೂ ಬೇಜಾರು. ಇರಲಿ, ಅದು ನಿಮ್ಮ ಪ್ರಶ್ನೆ ಅಲ್ಲ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಅಂದರೆ ಸಾಕು. ಮಾರ್ಕ್ಸ್‌ಕಾರ್ಡಿನ ಅಸಲು ಒಂದು ಫೈಲು, ಜೆರಾಕ್ಸ್ ಇನ್ನೊಂದು, ಎರಡೂ ಪ್ಲಾಸ್ಟಿಕ್ ಕವರಿನಲ್ಲಿ. ಮಳೆಯನ್ನು ನಂಬಬೇಡಿ. ಕಟಪಾಡಿಯಲ್ಲಿ ಒಂದು ಗಂಟೆ ಮೊದಲಿನ ಎಕ್ಸ್‌ಪ್ರೆಸ್ ಹಿಡಿಯಿರಿ. ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆದರೆ ಕಂಡಕ್ಟರ್ ಏನು ಮಾಡಿಯಾನು?

ಹೂ ಧಾರಾಳವಾಗಿ ಮುಡಿಯಿರಿ, ಒಂದು ತುಂಡು ಸಾಕು. ಯಾರಾದರೂ ರೇಟ್ ಕೇಳಿಯಾರು. ಹೊರಡುವ ಮೊದಲು ಆ ದಿನದ್ದು ಎಷ್ಟು ಅಂತ ಅಮ್ಮನ ಹತ್ತಿರ ಕೇಳಿಕೊಂಡು ಹೋಗಿ.