ಮುಖವಲ್ಲ, ಕೈ ನೋಡಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಹತ್ತು ತಿಂಗಳ ಹೆಣ್ಣುಮಗು, ಮನೆಯವರ ಬಾಯಲ್ಲಿ ಪುಟ್ಟಿ. 30 ವಾರಕ್ಕೇ ಹುಟ್ಟಿದವಳು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಬರುವ ಆರ್‌ಒಪಿ ಎಂಬ ಕಣ್ಣಿನ ತೊಂದರೆಯಿಂದ ರೆಟಿನಾ (ಕಣ್ಣಿನ ಒಳಪರದೆ) ಹಾಳಾಗಿ, ಈಗ ಅವಳಿಗೆ ತಿಳಿಯುವುದು ಬೆಳಕು-ಕತ್ತಲೆ ಅಷ್ಟೇ. (34 ವಾರಕ್ಕಿಂತ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತೋರಿಸಲೇಬೇಕು.) ಕಣ್ಣಿನ ವಿಷಯ ಮನೆಯವರಿಗೆ ಗೊತ್ತಿತ್ತು. ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದದ್ದು ಬೇರೆ ಚಿಂತೆಗೆ.

“ನಾನು ಮಾತಾಡಿಸಿದರೆ ಕಲ್ಲಿನ ಥರ ಆಗಿಬಿಡ್ತಾಳೆ ಮೇಡಂ. ನಗಲ್ಲ, ಮುಖ ಆ ಕಡೆ ತಿರುಗಿಸ್ತಾಳೆ. ನಾನು ಅವಳಿಗೆ ಬೇಡ ಅನ್ಸತ್ತೆ” ಎಂದು ತಾಯಿ ಅತ್ತರು. ಅವರ ಅತ್ತೆ ಮಿಕ್ಕದ್ದು ಹೇಳಿದರು. ಎತ್ತಿಕೊಂಡರೆ ಬೆಚ್ಚುತ್ತಾಳೆ, ಬೋರಲು ಮಲಗಿಸಿದರೆ ಕಿರುಚುತ್ತಾಳೆ, ಗಿಲಕಿ ಆಡಿಸಿದರೂ ಕೈ ಚಾಚುವುದಿಲ್ಲ, ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳುತ್ತಾಳೆ. ಅದಕ್ಕೇ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಪಕ್ಕದ ಮನೆಯವರು ಆಗಲೇ ಆಟಿಸಂ ಎಂದು ತೀರ್ಮಾನ ಕೊಟ್ಟಾಗಿತ್ತು.

ಬಟ್ಟೆ ಬಿಚ್ಚಿಸಿ, ಮಗುವನ್ನು ಚಾಪೆ ಮೇಲೆ ಮಲಗಿಸಿ, ತಾಯಿಗೆ ಮಾತಾಡಿಸಲು ಹೇಳಿದೆ. ಮುಖ ಗಪ್‌ಚುಪ್ ಆಯಿತು, ನಿಜ. ಆ ಕಡೆ ತಿರುಗಿತು, ಅದೂ ನಿಜ. ಆದರೆ ಹಾಗೆ ತಿರುಗಿದಾಗ ಕಿವಿ ಅಮ್ಮನ ಕಡೆಗೆ ಬಂದಿತ್ತು. ಕೈಬೆರಳು ಅರಳಿ, ಮಡಚಿ, ಮತ್ತೆ ಅರಳಿದವು. ನಾನು ಮಾತಾಡಿಸಿದೆ. ಬೆರಳು ಅಲ್ಲಾಡಲಿಲ್ಲ. ತಾಯಿ ಮತ್ತೆ “ಪುಟ್ಟೀ” ಅಂದರು. ಬೆರಳಾಟ ಶುರು.

“ನೋಡಿ, ನಿಮ್ಮ ದನಿ ಅವಳಿಗೆ ಗೊತ್ತು. ಅವಳು ಸುಮ್ಮನಾಗೋದು ಕೇಳಿಸಿಕೊಳ್ಳೋಕೆ” ಅಂದೆ. ಕಣ್ಣು ಕಾಣುವ ಮಗು ನಮ್ಮ ನಗು ನೋಡಿ ನಗುತ್ತದೆ, ಅದಕ್ಕೆ ನಾವು ಇನ್ನಷ್ಟು ನಗುತ್ತೇವೆ. ಇಲ್ಲಿ ಆ ಆಟವೇ ಇಲ್ಲ. ದನಿಗೆ ನಗು ಬರುತ್ತದೆ, ಆದರೆ ಪ್ರತಿ ಸಲ ಬರುವುದಿಲ್ಲ. ಅಂಧ ಶಿಶುಗಳನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಸೆಲ್ಮಾ ಫ್ರೈಬರ್ಗ್ ಕೂಡ ಮುಖ ಬಿಟ್ಟು ಕೈ ನೋಡಿ ಎಂದೇ ತಾಯಂದಿರಿಗೆ ಹೇಳುತ್ತಿದ್ದರು. ಅಂಥ ಕೈಗೆ ಬಟ್ಟೆ ಸುತ್ತಿದರೆ ಮಗುವಿನ ಬಾಯಿ ಕಟ್ಟಿದಂತೆ, ಅಲ್ವಾ?

ಕಣ್ಣು ಒತ್ತಿಕೊಳ್ಳುವುದು ರೆಟಿನಾ ತೊಂದರೆ ಇರುವ ಮಕ್ಕಳಲ್ಲಿ ಸಾಮಾನ್ಯ. ಬೈಯಬೇಡಿ, ಕೈಗೆ ಬೇರೆ ಕೆಲಸ ಕೊಡಿ ಎಂದೆ. ಚಮಚ, ತೆಂಗಿನ ನಾರು, ಒದ್ದೆ ಬಟ್ಟೆ, ಏನಾದರೂ ಆಗಬಹುದು.

ಗಿಲಕಿಯ ವಿಷಯಕ್ಕೆ ಬಂದರೆ, ಕಣ್ಣಿರುವ ಮಗು ನಾಲ್ಕೈದು ತಿಂಗಳಿಗೆ ವಸ್ತುವಿಗೆ ಕೈ ಚಾಚುತ್ತದೆ. ಬರೀ ಸದ್ದು ಕೇಳಿ ಕೈ ಚಾಚಲು ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಸದ್ದು ಬಂದ ಕಡೆ ಹಿಡಿಯುವಂಥ ವಸ್ತು ಇದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಮೊದಲು ಗಿಲಕಿಯನ್ನು ಕೈಗೆ ತಾಗಿಸಿ, ಆಮೇಲೆ ಆಡಿಸಿ. ಮೇಲಾಗಿ ಪುಟ್ಟಿ ಹತ್ತು ವಾರ ಮುಂಚೆ ಬಂದವಳು. ಲೆಕ್ಕಕ್ಕೆ ಅವಳಿಗಿನ್ನೂ ಏಳೂವರೆ ತಿಂಗಳು. ಈ ನಡವಳಿಕೆ ಇಟ್ಟುಕೊಂಡು ಆಟಿಸಂ ಅನ್ನುವ ಮಾತು ಈಗ ಬೇಡ.

ಮಾತಿನ ನಡುವೆ ಇನ್ನೊಂದು ಹೊರಬಿತ್ತು. ಜೂನ್‌ನಿಂದ ಅಳು ಜಾಸ್ತಿಯಂತೆ. ತೊಟ್ಟಿಲು ಇರುವುದು ತಗಡು ಹೊದಿಸಿದ ಜಗಲಿಯಲ್ಲಿ. ಮಲೆನಾಡಿನ ಜಡಿಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದಲ್ಲಿದ್ದವರ ಮಾತೂ ಕೇಳದು. ಹೆಜ್ಜೆ, ಬಳೆ, ಒಳಗಿನ ಪಾತ್ರೆ ಸದ್ದು, ಅವಳಿಗೆ ಮನೆ ಅಂದರೆ ಇವೇ. ಮಳೆಯಲ್ಲಿ ಅಷ್ಟೂ ಮಾಯ. ಅದರ ಮೇಲೆ ಟಿವಿ ಬೇರೆ. ಆಗ ಯಾರೋ ಸುಮ್ನೆ ಬಂದು ಎತ್ತಿದರೆ ಬೆಚ್ಚದೆ ಇನ್ನೇನು ಮಾಡುತ್ತಾಳೆ?

ತೊಟ್ಟಿಲನ್ನು ಹಂಚಿನ ಕೆಳಗಿನ ಒಳಕೋಣೆಗೆ ಹಾಕಿ, ಅವಳು ಎಚ್ಚರವಿದ್ದಾಗ ಟಿವಿ ಆರಿಸಿ ಎಂದೆ. ಎತ್ತುವ ಮುನ್ನ ಹೆಸರು ಕರೆದು, ಭುಜ ಮುಟ್ಟಿ, ಒಂದು ಗಳಿಗೆ ಕಾಯಬೇಕು. ಅಡಿಕೆ ಸುಲಿಯಲು ಬರುವವರೂ ಹಾಗೇ ಮಾಡಲಿ. ನೆಲದ ಮೇಲೆ ಬೋರಲಾಗಿ ತಲೆ ಎತ್ತಿದರೂ ಅವಳಿಗೆ ಕಾಣುವುದೇನಿಲ್ಲ, ಅದಕ್ಕೇ ರಗಳೆ. ಅಪ್ಪನ ಎದೆ ಮೇಲೆ ಹಾಕಿಕೊಂಡು ಅವರು ಮಾತಾಡುತ್ತಿರಲಿ.

ಕಿವಿ ಪರೀಕ್ಷೆ ಬಾಕಿ ಇತ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಅದು ತಪ್ಪಬಾರದು, ಈ ಮಗುವಿಗಂತೂ ಕಿವಿಯೇ ಎಲ್ಲ. ಆ ಪರೀಕ್ಷೆಗೂ ತರಬೇತಿಗೂ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಆರ್‌ಬಿಎಸ್‌ಕೆಯ ಡಿಇಐಸಿಗೆ (ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ) ಚೀಟಿ ಬರೆದುಕೊಟ್ಟೆ.

ಹೊರಡುವಾಗ ಅಜ್ಜಿ ಕೇಳಿದರು, “ನಡೀತಾಳಾ ಮೇಡಂ?” “ಕಾಲಿಗೆ ಏನೂ ಆಗಿಲ್ಲಮ್ಮ, ನಡೀತಾಳೆ. ಅಂಬೆಗಾಲು, ನಡಿಗೆ ಎರಡೂ ತಡ ಆಗತ್ತೆ. ಮೊದಲು ಆ ಬಟ್ಟೆ ಬಿಸಾಕಿ” ಅಂದೆ.