ಹಸಿದ ಮೀನಿನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಬೆಳವಣಿಗೆಯ ಮಂತ್ರದಂಡ’ ಲೇಖನವನ್ನು ಎರಡು ಸಲ ಓದಿದೆ. ಸಾಕಿದ ಮೀನಿನ ಆಹಾರ, ಹಾರ್ಮೋನು, ಬೆಳವಣಿಗೆ, ಇವುಗಳ ಮೇಲೆ ನಡೆಯುತ್ತಿರುವ ಸಂಶೋಧನೆಯನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಲು ಹೊರಟಿದ್ದೀರಿ. ಈ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ಅದಕ್ಕೇ ಒಂದು ಸಾಲಿನ ಉತ್ತರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಲೇಖನ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ಮೊದಲ ಸಾಲು ಹೀಗಿದೆ: ‘ಬೆಳವಣಿಗೆ ಹಾರ್ಮೋನು ಜಾಸ್ತಿಯಾದಷ್ಟೂ ಮೀನು ಬೇಗ ಬೆಳೆಯುತ್ತದೆ.’ ಆರನೇ ಪುಟದಲ್ಲಿ ಒಂದು ಉದ್ದನೆಯ ವಾಕ್ಯದ ಬಾಲದಲ್ಲಿ ನೀವೇ ಬರೆದಿದ್ದೀರಿ: ‘ಉಪವಾಸ ಇರುವ ಮೀನಿನ ರಕ್ತದಲ್ಲಿ ಈ ಹಾರ್ಮೋನು ಏರುತ್ತದೆ.’ ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ? ಉಪವಾಸ ಇರುವ ಮೀನು ಬೆಳೆಯುವುದಿಲ್ಲ, ಸೊರಗುತ್ತದೆ ಅಲ್ವಾ? ಓದುವವರು ಇಲ್ಲಿ ಎಡವುತ್ತಾರೆ. ನೀವು ಮಾತ್ರ ದಾಟಿಕೊಂಡು ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ನಿಮ್ಮ ಲೇಖನದ ಜೀವ ಇರುವುದು ಆ ಬಾಲದಲ್ಲೇ.

ಅದನ್ನು ಬಿಡಿಸಿ ಬರೆಯಿರಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಲಿವರ್ ಆ ಕರೆ ಕೇಳಿಸಿಕೊಂಡು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ತಯಾರಿಸುತ್ತದೆ. ಸ್ನಾಯು, ಮೂಳೆ ಬೆಳೆಯುವುದು ಹೆಚ್ಚಾಗಿ ಇದರ ಬಲದಿಂದ. ಮೀನಿಗೆ ಹೊಟ್ಟೆ ತುಂಬ ಸಿಕ್ಕಾಗ ಈ ಸರಪಳಿ ಸರಿಯಾಗಿ ಓಡುತ್ತದೆ. ಆಹಾರ ನಿಂತರೆ ಲಿವರ್ ಕರೆ ಕೇಳಿಸಿಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ. ಐಜಿಎಫ್-1 ಇಳಿಯುತ್ತದೆ. ಪಿಟ್ಯುಟರಿಗೆ ‘ಸಾಕು’ ಅನ್ನುತ್ತಿದ್ದುದೂ ಇದೇ ಐಜಿಎಫ್-1. ಅದು ಇಳಿದಾಗ ತಡೆಯುವವರಿಲ್ಲದೆ ಬೆಳವಣಿಗೆ ಹಾರ್ಮೋನು ಏರುತ್ತದೆ. ಏರಿದ ಹಾರ್ಮೋನು ಆಗ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಮೀನನ್ನು ಉಳಿಸುವ ಕೆಲಸಕ್ಕೆ ಇಳಿಯುತ್ತದೆ. ಹಾರ್ಮೋನು ಒಂದೇ, ಅದು ಯಾವ ಕೆಲಸ ಮಾಡಬೇಕು ಎಂದು ತೀರ್ಮಾನಿಸುವುದು ಹೊಟ್ಟೆ. ಆಹಾರ ಮತ್ತು ಹಾರ್ಮೋನನ್ನು ನೀವು ಎರಡು ಬೇರೆ ಅಧ್ಯಾಯ ಮಾಡಿದ್ದೀರಲ್ಲ, ಅದು ಸರಿಯಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಜೀನ್ ಬದಲಿಸಿದ ಸಾಲ್ಮನ್ ಬಗ್ಗೆ ಬರೆದ ಪ್ಯಾರಾವನ್ನೂ ಇದೇ ಬೆಳಕಿನಲ್ಲಿ ನೋಡಿ. ಬೇರೆ ಜಾತಿಯ ಸಾಲ್ಮನ್‌ನ ಬೆಳವಣಿಗೆ ಹಾರ್ಮೋನಿನ ಜೀನ್ ಇರುವ ಆ ಮೀನಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ನೀವು ಅದನ್ನು ‘ದೈತ್ಯ ಮೀನು’ ಎಂದಿದ್ದೀರಿ. ಅದರ ವಿಶೇಷ ಇರುವುದು ವೇಗದಲ್ಲಿ. ಮಾರುವ ಗಾತ್ರಕ್ಕೆ ಬೇಗ ಬರುತ್ತದೆ, ಅಷ್ಟೇ. ಇಂಥ ಮೀನುಗಳ ಹಸಿವೂ ಜಾಸ್ತಿ. ತಿನ್ನಲು ಸಿಗದಿದ್ದರೆ ಆ ಓಟವೂ ಇಲ್ಲ.

ಇನ್ನು ನನಗೆ ತುಂಬ ಬೇಸರವಾದ ಜಾಗ. ‘ಸಾಕಿದ ಮೀನಿಗೆಲ್ಲ ಹಾರ್ಮೋನು ಚುಚ್ಚಿ ಬೆಳೆಸುತ್ತಾರೆ’ ಎಂದು ಬರೆದಿದ್ದೀರಿ. ಇಲ್ಲಿ ಮೂರು ಬೇರೆ ಸಂಗತಿ ಕಲಸಿಹೋಗಿವೆ. ತಾಯಿ ಮೀನಿಗೆ ಚುಚ್ಚುಮದ್ದು ಕೊಡುವುದು ಮೊಟ್ಟೆ ಬಿಡಿಸಲು. 1930ರ ದಶಕದಲ್ಲೇ ಬ್ರೆಜಿಲ್‌ನಲ್ಲಿ ಪಿಟ್ಯುಟರಿ ರಸ ಚುಚ್ಚಿ ಇದನ್ನು ಮಾಡಿದ್ದರು. ತಿಲಾಪಿಯಾ ಎಂಬ ಸಾಕು ಮೀನಿನ ಎಳೆ ಮರಿಗಳಿಗೆ ಮೂರು ನಾಲ್ಕು ವಾರ ಆಹಾರದಲ್ಲಿ ಮಿಥೈಲ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಬೆರೆಸುವುದು ಎಲ್ಲವನ್ನೂ ಗಂಡಾಗಿಸಲು. ಯಾಕೆಂದರೆ ಗಂಡು ಬೇಗ ಬೆಳೆಯುತ್ತದೆ, ಕೊಳದ ತುಂಬ ಮರಿ ಹಾಕುವ ತಾಪತ್ರಯವೂ ಇರುವುದಿಲ್ಲ. ಮೂರನೆಯದು ಸಂಶೋಧಕರು ಮೀನಿನ ಸ್ವಂತ ಹಾರ್ಮೋನನ್ನು ಅಳೆಯುವುದು. ಅಲ್ಲಿ ಯಾರೂ ಏನನ್ನೂ ಸೇರಿಸುವುದಿಲ್ಲ. ಓದುವವರು ಮನೆಗೆ ಮೀನು ತರುವವರು. ಅವರಲ್ಲಿ ಸುಮ್ನೆ ಒಂದು ಭಯ ಬಿತ್ತುವ ಹಕ್ಕು ನಮಗಿಲ್ಲ. ತಿಲಾಪಿಯಾದ ವಿಷಯದಲ್ಲಿ ಪ್ರಶ್ನೆ ಕೇಳಬೇಕಿದ್ದರೆ ಕೇಳಿ. ಆ ಹಾರ್ಮೋನು ಕಲಸುವ ಕೆಲಸದವರ ಕೈ, ಆ ತೊಟ್ಟಿಯಿಂದ ಹೊರಹೋಗುವ ನೀರು, ಇವು ಕೇಳಲೇಬೇಕಾದ ಪ್ರಶ್ನೆಗಳು.

‘1.2 ಕಿಲೋ ಫೀಡ್‌ನಿಂದ 1 ಕಿಲೋ ಮೀನು’ ಎಂಬ ಲೆಕ್ಕ ತಪ್ಪಲ್ಲ. ಆದರೆ ಫೀಡ್, ಅಂದರೆ ಮೀನಿಗೆ ಹಾಕುವ ಸಿದ್ಧ ಆಹಾರ, ಒಣಗಿದ್ದು; ಮೀನು ಹಸಿ. ಫೀಡ್‌ನ ಗುಳಿಗೆಯಲ್ಲಿ ನೀರಿನ ಪಾಲು ನೂರಕ್ಕೆ ಹತ್ತರ ಆಸುಪಾಸು, ಮೀನಿನಲ್ಲಿ ಸುಮಾರು 70. ಇದನ್ನು ಹೇಳದಿದ್ದರೆ ಆ ಅಂಕಿ ಪವಾಡದಂತೆ ಕಾಣುತ್ತದೆ. ಮೀನು ನಿಜವಾಗಿಯೂ ಮಿತವ್ಯಯಿ. ಮೈ ಬಿಸಿಯಾಗಿಡಲು ಅದು ಶಕ್ತಿ ಸುಡಬೇಕಿಲ್ಲ, ಮೈಯ ಕಸವಾದ ಅಮೋನಿಯವನ್ನು ಕಿವಿರಿನಿಂದಲೇ ನೀರಿಗೆ ಬಿಡುತ್ತದೆ, ಅದಕ್ಕೂ ಹೆಚ್ಚು ಶಕ್ತಿ ಬೇಕಿಲ್ಲ. ಆ ಕಾರಣಗಳನ್ನು ಕೊಡಿ.

ವಿಟಮಿನ್‌ಗಳ ಪಟ್ಟಿ ಬೇಡ. ಸಿ ವಿಟಮಿನ್ ಒಂದನ್ನೇ ಉಳಿಸಿಕೊಳ್ಳಿ. ಸಾಕುವ ಮೀನುಗಳಲ್ಲಿ ಬಹುತೇಕ ಜಾತಿಗಳು ಅದನ್ನು ತಾವೇ ತಯಾರಿಸಿಕೊಳ್ಳಲಾರವು, ಫೀಡ್‌ನಲ್ಲಿ ಕಡಿಮೆಯಾದರೆ ಮರಿಗಳ ಬೆನ್ನೆಲುಬು ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣುವ ಆ ಒಂದು ಸೊಟ್ಟ ಮೀನು ಹದಿನಾಲ್ಕು ಹೆಸರಿಗಿಂತ ಜಾಸ್ತಿ ಹೇಳುತ್ತದೆ.

ಈಗ ನಿಮ್ಮ ಪತ್ರದ ವಿಷಯ. ಲೇಖನದ ಜೊತೆ ಅರ್ಧ ಪುಟ ಬರೆದಿದ್ದಿರಿ. ಪ್ರಯೋಗಾಲಯದಲ್ಲಿ ಎರಡು ದಿನ ಇದ್ದದ್ದು, ಮಂಪರು ಬರಿಸಲು ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನು ಮೆಲ್ಲಗೆ ಮಗ್ಗುಲಾದದ್ದು, ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಬಾಲದ ಬುಡದಿಂದ ರಕ್ತ ತೆಗೆದದ್ದು, ‘ಬೇಗ ಬೇಗ’ ಅಂತ ಸಂಶೋಧಕಿ ಅವಸರ ಮಾಡಿದ್ದು, ಕೈಯಿಂದ ಆ ಲವಂಗದ ವಾಸನೆ ರಾತ್ರಿಯವರೆಗೂ ಹೋಗದೇ ಇದ್ದದ್ದು. ಇದರಲ್ಲಿ ಒಂದು ಅಕ್ಷರವೂ ಲೇಖನದಲ್ಲಿ ಇಲ್ಲ! ಅಲ್ಲಿರುವುದು ‘ಅಂತಃಸ್ರಾವಕ ನಿಯಂತ್ರಣ ಕಾರ್ಯವಿಧಾನ’. ಅವಸರ ಯಾಕೆ ಎಂದು ನೀವು ಅವರನ್ನು ಕೇಳಿದಿರಾ? ಬಲೆ ನೀರಿಗೆ ಇಳಿದು ಕೆಲವೇ ನಿಮಿಷದಲ್ಲಿ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಏರತೊಡಗುತ್ತದೆ. ಅದು ಹೆದರಿಕೆಯ, ಒತ್ತಡದ ಹಾರ್ಮೋನು. ತಡವಾದರೆ ನೀವು ಅಳೆಯುವುದು ಬಲೆಯ ಹೆದರಿಕೆಯನ್ನು, ಆಹಾರದ ಪರಿಣಾಮವನ್ನಲ್ಲ. ದಿನಗಟ್ಟಲೆ ಒತ್ತಡದಲ್ಲಿರುವ ಮೀನು ತಿನ್ನುವುದೂ ಕಡಿಮೆ, ಬೆಳೆಯುವುದೂ ಕಡಿಮೆ.

ಅದೇ ಪತ್ರದಲ್ಲಿ ‘50 ಮೀನುಗಳ ಎರಡು ತೊಟ್ಟಿ, ಒಂದಕ್ಕೆ ಹೊಸ ಫೀಡ್’ ಎಂದಿದ್ದೀರಿ. ಲೇಖನದಲ್ಲಿ ಅದು ‘ನೂರು ಮೀನುಗಳ ಮೇಲೆ ಸಾಬೀತಾಗಿದೆ’ ಎಂದಾಗಿದೆ. ಒಂದು ತೊಟ್ಟಿಯ ಮೀನುಗಳಿಗೆಲ್ಲ ಒಂದೇ ನೀರು, ಒಂದೇ ಫೀಡ್, ಒಂದೇ ಗದ್ದಲ. ಅಲ್ಲಿ ಎಣಿಸಬೇಕಾದ್ದು ತೊಟ್ಟಿಯನ್ನು. ಅಂದರೆ ಒಂದಕ್ಕೆ ಒಂದು. ಅದರಿಂದ ಏನೂ ಸಾಬೀತಾಗುವುದಿಲ್ಲ. ಜೊತೆಗೆ ತೊಟ್ಟಿಯಲ್ಲಿ ಜೋರಿನ ಮೀನುಗಳು ಮುನ್ನುಗ್ಗಿ ತಿನ್ನುತ್ತವೆ, ಕೆಲವು ಮೂಲೆಯಲ್ಲೇ ಉಳಿದು ಸಣ್ಣಗಾಗುತ್ತವೆ. ಸರಾಸರಿ ತೂಕದಲ್ಲಿ ಇವು ಕಾಣುವುದೇ ಇಲ್ಲ. ನೀವು ಪಕ್ಕದಲ್ಲೇ ನಿಂತು ನೋಡಿದ್ದೀರಿ, ಅವುಗಳ ಬಗ್ಗೆ ಬರೆಯಿರಿ.

ಸಂಶೋಧಕಿಗೆ ಮತ್ತೊಮ್ಮೆ ಫೋನ್ ಮಾಡಿ. ಇದು ಮೊದಲ ಸುತ್ತಿನ ಪರೀಕ್ಷೆಯೋ, ಇನ್ನೂ ತೊಟ್ಟಿಗಳಿವೆಯೋ ಕೇಳಿ. ತೂಕಕ್ಕೆ ಮುಂಚಿನ ದಿನ ಆಹಾರ ನಿಲ್ಲಿಸಿದ್ದರೋ, ಮೂಲೆಯ ಆ ಸಣ್ಣ ಮೀನುಗಳ ಲೆಕ್ಕ ಹೇಗೆ ಹಿಡಿದರು, ಇದನ್ನೂ ಕೇಳಿ. ಆಮೇಲೆ ಪತ್ರವನ್ನು ಮುಂದಿಟ್ಟುಕೊಂಡು, ಹಳೆಯ ಲೇಖನವನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಬರೆಯಿರಿ. 1200 ಪದ ಸಾಕು. ಬಂದ ದಿನವೇ ಓದುತ್ತೇನೆ.